ಹೇಮಕ್ಕ ಜೋಡಿಸಿದ ಲೆಕ್ಕಗಳು

ರಿಪ್ಪನ್‌ಪೇಟೆಯ ಬಸ್ ನಿಲ್ದಾಣದ ಎದುರಿಗೆ, ಔಷಧಿ ಅಂಗಡಿಗೂ ಬಳೆ ಅಂಗಡಿಗೂ ನಡುವೆ ಒತ್ತಿಕೊಂಡು ನಿಂತ ಹಾಗೆ ಹೇಮಾವತಿಯವರ ಅಂಗಡಿಯಿದೆ. ಡಿ.ಟಿ.ಪಿ., ಜೆರಾಕ್ಸ್, ಲ್ಯಾಮಿನೇಷನ್, ಎಲ್ಲ ಬಗೆಯ ಆನ್‌ಲೈನ್ ಅರ್ಜಿ ಎಂದು ಬೋರ್ಡಿನಲ್ಲಿದೆ. ಸಾಗರಕ್ಕೆ ಹೋಗುವವರು, ಹೊಸನಗರದಿಂದ ಬಂದಿಳಿದವರು, ತೀರ್ಥಹಳ್ಳಿಯ ಬಸ್ಸಿಗೆ ಕಾಯುವವರು ಬಿಸಿಲು ಜೋರಾದರೆ ಅದರ ಕಟ್ಟೆಯ ಮೇಲೆ ಬಂದು ಕೂರುತ್ತಾರೆ. ಜೆರಾಕ್ಸ್ ಮಾಡಿಸದೆ ಸುಮ್ಮನೆ ಕೂತವರನ್ನು ಅವರು ಎಬ್ಬಿಸಿದ್ದು ನಾನಂತೂ ಕಂಡಿಲ್ಲ.

ನಾನು ಅಲ್ಲಿಂದ ಐದಾರು ಕಿಲೋಮೀಟರ್ ದೂರದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಹೆಸರು ಮಧುಸೂದನ. ಹದಿನಾರು ವರ್ಷದಿಂದ ನನ್ನ ಪ್ರಶ್ನೆಪತ್ರಿಕೆಗಳನ್ನು ಹೇಮಾವತಿಯವರೇ ಟೈಪ್ ಮಾಡುತ್ತ ಬಂದಿದ್ದಾರೆ. ಗಣಿತ ಎಂದರೆ ಬೇರೆ ಅಂಗಡಿಯವರು ಮುಖ ಸಿಂಡರಿಸುತ್ತಾರೆ. ಕನ್ನಡ, ಸಮಾಜ ಆದರೆ ಸಾಲು ನೆಟ್ಟಗೆ ಹೋಗುತ್ತದೆ; ಗಣಿತದಲ್ಲಿ ಒಂದು ಅಂಕಿ ಮೇಲೆ ಹತ್ತಬೇಕು, ಒಂದು ಗೆರೆಯ ಕೆಳಗೆ ಇಳಿಯಬೇಕು, ವರ್ಗಮೂಲದ ಚಿಹ್ನೆ ಎಲ್ಲವನ್ನೂ ತಬ್ಬಿಕೊಂಡು ನಿಲ್ಲಬೇಕು. ಹೇಮಾವತಿಯವರ ಪುಟದಲ್ಲಿ ಅವೆಲ್ಲ ತಮ್ಮ ತಮ್ಮ ಜಾಗದಲ್ಲಿ ಶಿಸ್ತಾಗಿ ಕೂತಿರುತ್ತವೆ.

ಆದರೆ ಅವರು ಸ್ವತಃ ಹತ್ತನೇ ತರಗತಿಯಲ್ಲಿ ಗಣಿತದಲ್ಲೇ ಫೇಲಾದವರು. ಒಂದಲ್ಲ, ಎರಡು ಸಲ. ಇದನ್ನು ಅವರು ಮುಚ್ಚಿಟ್ಟವರೂ ಅಲ್ಲ.

ಅವರು ಹುಟ್ಟಿದ್ದು ಜೋಗದ ಹತ್ತಿರದ ಕಾರ್ಗಲ್ಲಿನಲ್ಲಿ. ಅಪ್ಪ ವಿದ್ಯುತ್ ಕೆಲಸಗಾರರ ಕ್ಯಾಂಟೀನಿನಲ್ಲಿ ಅಡುಗೆಯವರು. ಎರಡನೇ ಸಲವೂ ಫೇಲಾದಾಗ ಸೋದರಮಾವ ಕರೆದುಕೊಂಡು ಹೋಗಿ ಸಾಗರದ ಒಂದು ಪ್ರೆಸ್ಸಿಗೆ ಸೇರಿಸಿದರು. ಆಗ ಇನ್ನೂ ಸೀಸದ ಅಚ್ಚುಮೊಳೆಗಳ ಕಾಲ. ಮರದ ಖಾನೆಗಳಿಂದ ಒಂದೊಂದೇ ಅಕ್ಷರ ಆರಿಸಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಜೋಡಿಸಬೇಕಿತ್ತು. ಶಾಲೆಗಳ ಗಣಿತದ ಪತ್ರಿಕೆ ಬಂದಾಗ ಹಳಬರೆಲ್ಲ ನುಣುಚಿಕೊಳ್ಳುತ್ತಿದ್ದರು. ಹೊಸ ಹುಡುಗಿಯ ಪಾಲಿಗೆ ಅದು ಬೀಳುತ್ತಿತ್ತು.

“ಖಾಲಿ ಜಾಗಕ್ಕೂ ಒಂದು ತುಂಡು ಸೀಸ ಇಡ್ಬೇಕಿತ್ತು ಸರ್,” ಎಂದು ಒಮ್ಮೆ ಅವರು ನನಗೆ ಹೇಳಿದ್ದರು. “ಇಡ್ದಿದ್ರೆ ಇಡೀ ಸಾಲು ಕುಸೀತಿತ್ತು. ಭಿನ್ನರಾಶಿ ಒಂದು ಕೂರ್ಸಕ್ಕೆ ಕಾಲು ಗಂಟೆ. ಅದ್ರ ಅರ್ಥ ಎಂತ ಅಂತ ನಂಗೆ ಗೊತ್ತಿರ್ಲಿಲ್ಲ. ಯಾವ್ದು ಎಲ್ಲಿ ಕೂರ್ಬೇಕು ಅಂತ ಮಾತ್ರ ಗೊತ್ತಿತ್ತು.”

ಪ್ರೆಸ್ಸು ಮುಚ್ಚುವ ಹೊತ್ತಿಗೆ ಸಾಗರದಲ್ಲೇ ಕಂಪ್ಯೂಟರ್ ಕಲಿತರು. ಖಾಸಗಿ ಬಸ್ಸಿನ ಡ್ರೈವರ್ ದುರ್ಗೇಶರನ್ನು ಮದುವೆಯಾಗಿ ಇತ್ತ ಬಂದು ಅಂಗಡಿ ಹಾಕಿದರು. ಮಗಳನ್ನು ಓದಿಸಿ ಮದುವೆ ಮಾಡಿದರು. ನಾನು ಹೇಳಲಿರುವುದು ನಡೆದಾಗ ಅವರಿಗೆ ನಲವತ್ತೆಂಟು ವರ್ಷ.

ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ದುಗ್ಗಮ್ಮ ಮತ್ತು ಒಂಬತ್ತನೇ ತರಗತಿಯಲ್ಲಿದ್ದ ಅವಳ ಮಗಳು ಭವ್ಯಾ, ಇಬ್ಬರೂ ಸಂಜೆ ರಿಪ್ಪನ್‌ಪೇಟೆಗೆ ಬಂದು ತಮ್ಮೂರಿನ ಬಸ್ಸು ಹಿಡಿಯಬೇಕು. ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆ ಇರುತ್ತಿತ್ತು. ದುಗ್ಗಮ್ಮ ಪೇಟೆಯ ಕೆಲಸ ಮುಗಿಸಿಕೊಂಡು ಬರುವವರೆಗೆ ಭವ್ಯಾ ಹೇಮಾವತಿಯವರ ಅಂಗಡಿಯಲ್ಲಿ ಕೂತಿರುತ್ತಿದ್ದಳು.

ಭವ್ಯಾಳ ಬಗ್ಗೆ ನನ್ನ ಅಭಿಪ್ರಾಯ ಆಗ ಏನಿತ್ತೆಂದು ಬರೆಯಲು ನಾಚಿಕೆಯಾಗುತ್ತದೆ. ಅವಳ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಬಿಡಿಸಿದ ಲೆಕ್ಕ ಪುಟದ ಎಡಗಡೆ ಶುರುವಾಗಿ ಎಲ್ಲೋ ಮೂಲೆಗೆ ಜಾರಿ ಹೋಗಿರುತ್ತಿತ್ತು. ಬಿಡಿಯ ಕೆಳಗೆ ಹತ್ತು, ಹತ್ತರ ಕೆಳಗೆ ನೂರು. ಆರು ಇದ್ದಲ್ಲಿ ಒಂಬತ್ತು. ಕಳೆಯುವ ಚಿಹ್ನೆ ಒಂದು ಸಾಲಿನಲ್ಲಿ ಇದ್ದರೆ ಮುಂದಿನ ಸಾಲಿನಲ್ಲಿ ಮಾಯ. ಪೆನ್ನನ್ನು ಎಷ್ಟು ಬಿಗಿ ಹಿಡಿಯುತ್ತಿದ್ದಳೆಂದರೆ ಬೆರಳ ತುದಿ ಬೆಳ್ಳಗಾಗುತ್ತಿತ್ತು. ನಾನು ಅದನ್ನು ನೋಡಿದ್ದೆ. ನೋಡಿಯೂ, ಗಮನ ಇಲ್ಲದ ಹುಡುಗಿ ಎಂದು ತೀರ್ಮಾನಿಸಿದ್ದೆ. ಕಿರುಪರೀಕ್ಷೆಯಲ್ಲಿ ಅವಳಿಗೆ ನಾನು ಕೊಟ್ಟಿದ್ದು ಸೊನ್ನೆ.

ಆ ಅಕ್ಟೋಬರಿನಲ್ಲಿ ಹತ್ತನೇ ತರಗತಿಯ ಪತ್ರಿಕೆಯೊಂದನ್ನು ಟೈಪಿಗೆ ಕೊಟ್ಟಿದ್ದೆ. ಮರುದಿನ ಸಂಜೆ ಹೇಮಾವತಿಯವರ ಫೋನ್ ಬಂತು.

“ಸರ್, ನಾಲ್ಕನೇ ಪ್ರಶ್ನೆ. ಎಕ್ಸ್ ವರ್ಗ, ಕಳೆ ಏಳು ಎಕ್ಸ್, ಆಮೇಲೆ ಕೂಡಿಸು ಇಪ್ಪತ್ತೊಂದು ಅಂತ ಬರ್ದಿದೀರಿ. ಅದು ಹನ್ನೆರಡು ಆಗ್ಬೇಕಿತ್ತಾ?”

ನನ್ನ ಕರಡು ತೆಗೆದು ನೋಡಿದೆ. ಅವಸರದಲ್ಲಿ ಹನ್ನೆರಡನ್ನು ತಿರುಗಿಸಿ ಬರೆದಿದ್ದೆ. “ಹನ್ನೆರಡೇ ಹೇಮಾವತಿಯವರೇ. ನಿಮಗೆ ಹೇಗೆ ಗೊತ್ತಾಯ್ತು?”

“ನಂಗೆಲ್ಲಿಂದ ಗೊತ್ತಾಗ್ಬೇಕು! ಭವ್ಯಾ ಹೇಳಿದ್ಲು.”

“ಯಾವ ಭವ್ಯಾ?”

“ನಿಮ್ಮ ಶಾಲೇದೇ. ದುಗ್ಗಮ್ಮನ ಮಗಳು. ಸ್ಕ್ರೀನ್ ನೋಡ್ಬೇಡ ಅಂತ ಬೈದೆ, ಅಷ್ಟ್ರಲ್ಲಿ ನೋಡಿ ಆಗಿತ್ತು. ಇಪ್ಪತ್ತೊಂದಾದ್ರೆ ಒಡ್ಯಕ್ಕಾಗಲ್ಲ ಹೇಮಕ್ಕ, ಹನ್ನೆರಡಾದ್ರೆ ಮೂರು, ನಾಲ್ಕು ಅಂತ ಒಡೀಬೋದು, ಕೂಡಿದ್ರೆ ಏಳು ಬತ್ತದೆ ಅಂದ್ಲು. ಕಾಗದ ಪೆನ್ನು ಎಂತದೂ ಮುಟ್ಲಿಲ್ಲ ಸರ್.”

ಯಾರೋ ಹೇಳಿಕೊಟ್ಟಿರಬೇಕು ಎಂದೆ ನಾನು. ಅವರು, “ಅಂಗಡೀಲಿ ನಾನೊಬ್ಳೇ ಇದ್ದಿದ್ದು. ನಾನು ಫೇಲ್ ಕ್ಯಾಂಡಿಡೇಟು,” ಎಂದು ಫೋನ್ ಇಟ್ಟರು.

ಮುಂದಿನ ಹದಿನೈದು ದಿನ ಏನು ನಡೆಯಿತೆಂದು ನನಗೆ ಆಮೇಲೆ ತಿಳಿಯಿತು. ಹೇಮಾವತಿಯವರು ಭವ್ಯಾಳನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ಪ್ರಶ್ನೆಪತ್ರಿಕೆಗೆ ಬಳಸುವ, ಗಣಿತದ ಚಿಹ್ನೆ ಕೂರಿಸುವ ಈಕ್ವೇಶನ್ ಎಡಿಟರ್ ತೆರೆದುಕೊಟ್ಟರು. ಭಿನ್ನರಾಶಿಯ ಗುಂಡಿ ಒತ್ತಿದರೆ ಪರದೆಯ ಮೇಲೆ ಒಂದು ಗೆರೆ, ಗೆರೆಯ ಮೇಲೊಂದು, ಕೆಳಗೊಂದು ಖಾಲಿ ಚೌಕ ಮೂಡುತ್ತದೆ. ಚೌಕದೊಳಗೆ ಅಂಕಿ ಹಾಕಬೇಕು, ಅಷ್ಟೇ.

ಭವ್ಯಾ ಬಹಳ ಹೊತ್ತು ಆ ಚೌಕಗಳನ್ನು ನೋಡಿದಳಂತೆ. “ಈ ಮನೆಗಳು ಜಾರಲ್ಲ ಅಲ್ವಾ ಹೇಮಕ್ಕ?”

“ಎಂತಕ್ಕೆ ಜಾರ್ತಾವೆ?”

“ನನ್ನ ಪುಸ್ತಕದಲ್ಲಿ ಜಾರ್ತಾವೆ. ನಾನು ಇಟ್ಟಲ್ಲಿ ಇರಲ್ಲ.”

ಮೊದಲ ದಿನ ಎರಡು ಲೆಕ್ಕ. ಒಂದು ವಾರದ ಹೊತ್ತಿಗೆ ಬಸ್ಸು ಬರುವಷ್ಟರಲ್ಲಿ ಆರು. ಪಕ್ಕದಲ್ಲಿ ಆಧಾರ್ ಕಾರ್ಡಿನ ನಕಲು ಕೇಳಿಕೊಂಡು ಬಂದವರು ನಿಂತಿದ್ದರೆ ಹೇಮಾವತಿಯವರು ಜೆರಾಕ್ಸ್ ಯಂತ್ರದ ಕೆಲಸ ಮಾಡಿಕೊಡುವರೇ ಹೊರತು ಕಂಪ್ಯೂಟರಿನಿಂದ ಅವಳನ್ನು ಎಬ್ಬಿಸುತ್ತಿರಲಿಲ್ಲ. ಮನೆಗೆ ಒಯ್ಯಲು ಅವರೇ ಒಂದು ಹಾಳೆ ತಯಾರಿಸಿದರು. ಹೆಬ್ಬೆರಳಿನಗಲದ ತೆಳು ಬೂದುಬಣ್ಣದ ಚೌಕಗಳು. ಒಂದು ಚೌಕಕ್ಕೆ ಒಂದೇ ಅಂಕಿ. ಚಿಹ್ನೆಗೂ ಒಂದು ಚೌಕ. ಬರೆಯದೆ ಬಿಡುವ ಜಾಗಕ್ಕೆ ಸಣ್ಣದೊಂದು ಚುಕ್ಕೆ. ಮೊದಲು ಚೌಕಗಳ ಗೆರೆ ಕಪ್ಪಾಗಿ ಬಂದು ಅಂಕಿಯೇ ಕಾಣದ ಹಾಗಾಯಿತು. ನಾಲ್ಕು ಸಲ ಬದಲಾಯಿಸಿ ಹದಕ್ಕೆ ತಂದರು.

ಒಂದು ಸಂಜೆ ಅವರು ನನ್ನನ್ನು ಅಂಗಡಿಗೆ ಕರೆಸಿದರು. ಭವ್ಯಾ ನನ್ನನ್ನು ಕಂಡದ್ದೇ ಕುರ್ಚಿಯಿಂದ ಎದ್ದು ಗೋಡೆಗೆ ಅಂಟಿ ನಿಂತಳು. ಹೇಮಾವತಿಯವರು ಎಂಟು ಪುಟ ನನ್ನ ಕೈಗಿಟ್ಟರು. ನಾನು ಸೊನ್ನೆ ಕೊಟ್ಟ ಅದೇ ಕಿರುಪರೀಕ್ಷೆಯ ಲೆಕ್ಕಗಳು. ಹಂತ ಹಂತವಾಗಿ, ಒಂದರ ಕೆಳಗೊಂದು. ಒಂದು ಕಡೆ ನಾನು ಕಲಿಸಿದ ದಾರಿ ಬಿಟ್ಟು ಎರಡೇ ಸಾಲಿನಲ್ಲಿ ಮುಗಿಸಿದ್ದಳು. ಅದು ನನಗೂ ಹೊಳೆದಿರಲಿಲ್ಲ.

“ಇದನ್ನ ಹೇಗೆ ಮಾಡ್ದೆ?” ಎಂದು ಕೇಳಿದೆ.

“ಎರಡೂ ಕಡೆ ಅದೇ ಇದೆ ಅಲ್ವಾ ಸಾರ್. ತೆಗ್ದುಬಿಟ್ಟೆ,” ಎಂದಳು, ತಪ್ಪು ಒಪ್ಪಿಕೊಳ್ಳುವವಳ ಹಾಗೆ.

ಅಷ್ಟರಲ್ಲಿ ದುಗ್ಗಮ್ಮ ಬಂದಳು. ನಾನು ಹಾಳೆ ಹಿಡಿದು ನಿಂತದ್ದನ್ನು ನೋಡಿ ಮಗಳು ಮತ್ತೇನೋ ಮಾಡಿಕೊಂಡಳೆಂದು ಹೆದರಿದಳು. ನಾನು, ಎಲ್ಲ ಸರಿ ಇದೆ ದುಗ್ಗಮ್ಮ, ಒಂದೂ ತಪ್ಪಿಲ್ಲ ಎಂದಾಗ ಅವಳು ಕಟ್ಟೆಯ ಮೇಲೆ ಕೂತುಬಿಟ್ಟಳು.

“ನಾನೂ ಹೊಡ್ದಿದೀನಿ ಸರ್ ಇವ್ಳಿಗೆ,” ಎಂದಳು. “ಕೈ ಮೇಲೇ ಹೊಡ್ದಿದೀನಿ. ನೆಟ್ಟಗೆ ಬರಿಯೇ ಅಂತ.”

ಭವ್ಯಾ ಹೋಗಿ ಅಮ್ಮನ ಪಕ್ಕ ಕೂತು ಅವಳ ಕೈಚೀಲವನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಲೆಕ್ಕ ಬಂದರೂ ಬರೆಯಲು ತೊಡಕಾಗುವ ಇಂಥ ಮಕ್ಕಳನ್ನು ಶಿವಮೊಗ್ಗದಲ್ಲಿ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ, ಅದಿದ್ದರೆ ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಅನುಕೂಲ ಕೇಳಬಹುದು ಎಂದು ನನಗೆ ತಿಳಿದಿತ್ತು. ತರಬೇತಿಯೊಂದರಲ್ಲಿ ಹೇಳಿದ್ದರು, ನಾನು ಟಿಪ್ಪಣಿ ಮಾಡಿಕೊಂಡು ಮರೆತಿದ್ದೆ. ಆದರೆ ಭವ್ಯಾಳ ಅಪ್ಪ ಕೆರಿಯಪ್ಪ ಬಿಲ್‌ಕುಲ್ ಒಪ್ಪಲಿಲ್ಲ. ಒಂದು ಭಾನುವಾರ ಹೇಮಾವತಿಯವರು ನನ್ನನ್ನು ಹೊರಡಿಸಿಕೊಂಡು ಭವ್ಯಾಳ ಮನೆಗೆ ಹೋದರು. ಕೆರಿಯಪ್ಪ ಗದ್ದೆಯ ಅಂಚಿಗೆ ಬೇಲಿ ಹಾಕುತ್ತಿದ್ದ. ಗುದ್ದಲಿ ಕೆಳಗಿಟ್ಟು ಬಂದು ನಮ್ಮನ್ನು ಜಗಲಿಯಲ್ಲಿ ಕೂರಿಸಿದ.

“ಕಾಗದ ಮಾಡಿಸ್ಬಿಟ್ರೆ ಊರಿಗೆಲ್ಲ ಗೊತ್ತಾಗ್ತದೆ ಹೇಮಕ್ಕ. ನಾಳೆ ಇವ್ಳಿಗೆ ಎಂತೋ ಊನ ಐತೆ ಅಂತಾರೆ.”

“ಈಗ ಎಂತ ಅಂತಾರೆ?” ಎಂದರು ಹೇಮಾವತಿ. “ದಡ್ಡಿ ಅಂತಾರೆ. ಅದು ಪರವಾಗಿಲ್ವಾ?”

ಕೆರಿಯಪ್ಪ ಬೇಲಿಯ ಕಡೆ ನೋಡಿದ. “ದಡ್ಡಿ ಅಲ್ಲ ಅಂತ ನಂಗೊತ್ತು. ಈ ಬೇಲಿಗೆ ಎಷ್ಟು ಗೂಟ ಬೇಕು ಅಂತ ಅವ್ಳನ್ನೇ ಕೇಳಿದ್ದು. ನಿಂತಲ್ಲೇ ಹೇಳಿದ್ಲು. ಒಂದು ಹೆಚ್ಚಿಲ್ಲ, ಒಂದು ಕಡ್ಮೆ ಇಲ್ಲ.”

“ಮತ್ತೆ ಶಾಲೆಗೆ ಬಂದು ಹೇಳ್ಬಾರ್ದಿತ್ತಾ ಕೆರಿಯಪ್ಪ?” ಎಂದೆ ನಾನು.

ಅವನು ನನ್ನ ಮುಖ ನೋಡಿದ. ಸಿಟ್ಟೇನೂ ಇರಲಿಲ್ಲ. “ಮೇಷ್ಟ್ರೇ ಸೊನ್ನೆ ಕೊಟ್ಮೇಲೆ ನಾನು ಎಂತ ಹೇಳೋದು ಸರ್? ನಾನು ಓದ್ದೋನಲ್ಲ.”

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಯಾವ ಶಾಲಾ ಇನ್‌ಸ್ಪೆಕ್ಟರರ ಮಾತೂ ನನ್ನನ್ನು ಹಾಗೆ ತಟ್ಟಿರಲಿಲ್ಲ. ನಾನು ಎದ್ದು, ತಪ್ಪು ನನ್ನದು ಎಂದೆ. ಇನ್ನೊಂದು ಸಲ ಹೇಳಿದೆ. ಭವ್ಯಾ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಕೆರಿಯಪ್ಪ ಕೈ ತೊಳೆದು ಬಂದು ಅರ್ಜಿಗೆ ಸಹಿ ಹಾಕಿದ.

ಶಿವಮೊಗ್ಗಕ್ಕೆ ಹೇಮಾವತಿಯವರು ಅಂಗಡಿ ಮುಚ್ಚಿ ತಾಯಿ ಮಗಳ ಜೊತೆ ಹೋದರು. ಒಂದೇ ದಿನಕ್ಕೆ ಮುಗಿಯಲಿಲ್ಲ. ಮೂರು ಸಲ ಹೋಗಬೇಕಾಯಿತು. ಪರೀಕ್ಷೆ ಮಾಡಿದ ಡಾಕ್ಟರಮ್ಮ ಇದಕ್ಕೆ ಡಿಸ್‌ಗ್ರಾಫಿಯಾ ಎನ್ನುತ್ತಾರೆ, ತಲೆಯಲ್ಲಿ ಇರುವುದು ಕೈಗೆ ಇಳಿಯುವ ದಾರಿಯಲ್ಲಿ ತೊಡಕು, ಬುದ್ಧಿಗೆ ಸಂಬಂಧವಿಲ್ಲ ಎಂದು ವಿವರಿಸಿದರಂತೆ. ವಾಪಸ್ ಬರುವಾಗ ಬಸ್ಸಿನಲ್ಲಿ ಭವ್ಯಾ ಕೇಳಿದಳಂತೆ, “ಹಂಗಾದ್ರೆ ಅದಕ್ಕೊಂದು ಹೆಸರು ಐತೆ ಅಲ್ವಾ ಹೇಮಕ್ಕ? ನಂದೊಬ್ಳದೇ ಅಲ್ಲ?” ಹೆಸರಿದೆ ಎಂಬುದೇ ಅವಳಿಗೆ ದೊಡ್ಡ ಸಮಾಧಾನವಾಗಿತ್ತು.

ನಾನು ಪರೀಕ್ಷಾ ಮಂಡಳಿಗೆ ಪತ್ರ ಬರೆದೆ. ಕಂಪ್ಯೂಟರಿನಲ್ಲಿ ಉತ್ತರಿಸಲು, ಹೆಚ್ಚಿನ ಸಮಯಕ್ಕೆ, ಬರೆದುಕೊಡುವವರೊಬ್ಬರಿಗೆ, ಮೂರಕ್ಕೂ ಒಪ್ಪಿಗೆ ಕೇಳಿದೆ. ಭವ್ಯಾ ಹತ್ತನೇ ತರಗತಿಗೆ ಬಂದ ವರ್ಷ ಡಿಸೆಂಬರಿನಲ್ಲಿ ಉತ್ತರ ಬಂತು. ಹೆಚ್ಚಿನ ಸಮಯ ಉಂಟು, ಕೆಳಗಿನ ತರಗತಿಯ ವಿದ್ಯಾರ್ಥಿಯೊಬ್ಬರು ಬರೆದುಕೊಡಬಹುದು. ಕಂಪ್ಯೂಟರಿನ ಮಾತು ಅದರಲ್ಲಿ ಇರಲಿಲ್ಲ.

ಭವ್ಯಾ ಅಂಗಡಿಯಲ್ಲಿ ಅತ್ತಳು. ಒಂದು ವರ್ಷ ಆ ಕೀಲಿಗಳ ಮೇಲೆ ಕಲಿತದ್ದೆಲ್ಲ ಹೋಯಿತು ಎಂದುಕೊಂಡಳು. “ಬೇರೇರು ಬರೆದ್ರೆ ಅದು ನಂದು ಹೆಂಗಾಗ್ತದೆ? ನಾನು ಹೇಳೋದು ಒಂದು, ಅವ್ರು ಬರ್ಯೋದು ಒಂದು.”

ಹೇಮಾವತಿಯವರು ಪ್ರಿಂಟರಿನ ಕಾಗದ ಸರಿಮಾಡುತ್ತಿದ್ದವರು ನಿಲ್ಲಿಸಿದರು. “ಪ್ರೆಸ್ಸಲ್ಲಿ ಎಂತ ಮಾಡ್ತಿದ್ವಿ ಗೊತ್ತಾ? ಪ್ರೂಫ್ ತಿದ್ದುವಾಗ ಒಬ್ರು ಮೂಲ ಪ್ರತಿ ಗಟ್ಟಿಯಾಗಿ ಓದೋದು, ಇನ್ನೊಬ್ರು ಅಚ್ಚಾಗಿದ್ದು ನೋಡೋದು. ಅಲ್ಪವಿರಾಮ, ಕಂಸ, ಗೆರೆ, ಎಲ್ಲ ಬಾಯಲ್ಲಿ ಹೇಳ್ಬೇಕಿತ್ತು. ಲೆಕ್ಕನ ಬಾಯಲ್ಲಿ ಹೇಳಕ್ಕೆ ಬತ್ತದೆ ಕಣೇ. ಆದ್ರೆ ಅದನ್ನೂ ಕಲೀಬೇಕು.”

ಮರುದಿನದಿಂದ ಅವರೇ ಪೆನ್ನು ಹಿಡಿದು ಕೂತರು. ಭವ್ಯಾ ಹೇಳಬೇಕು, ಇವರು ಹೇಳಿದಷ್ಟನ್ನೇ ಬರೆಯಬೇಕು. ಊಹೆ ಮಾಡುವ ಹಾಗಿಲ್ಲ.

“ಎಕ್ಸ್ ಕೂಡಿಸು ಮೂರು, ಭಾಗಿಸು ಎರಡು,” ಎಂದಳು ಭವ್ಯಾ.

ಇವರು ಮೂರರ ಕೆಳಗೆ ಮಾತ್ರ ಎರಡು ಬರೆದರು.

“ಅಯ್ಯೋ, ಹಂಗಲ್ಲ! ಎರಡಕ್ಕೂ ಸೇರ್ಸಿ ಗೆರೆ.”

“ನೀನು ಹೇಳ್ಲಿಲ್ವಲ್ಲ ಮಾರಾಯ್ತಿ.”

“ನಿಮ್ಗೆ ಗೊತ್ತಾಗಲ್ವಾ?”

“ನಂಗೆ ಗೊತ್ತಾಗಲ್ಲ. ಪರೀಕ್ಷೇಲಿ ಬರ್ಯೋರಿಗೂ ಗೊತ್ತಾಗಲ್ಲ. ಸರಿಯಾಗಿ ಹೇಳು.”

ಜಗಳವೇ ಆಗುತ್ತಿತ್ತು. ಒಂದು ದಿನ ಭವ್ಯಾ ಮುನಿಸಿಕೊಂಡು ನಿಲ್ದಾಣದಲ್ಲಿ ಹೋಗಿ ಕೂತಳು. ಹೇಮಾವತಿಯವರು ಕರೆಯಲು ಹೋಗಲಿಲ್ಲ. ಅವಳು ತಪ್ಪಾಗಿ ಹೇಳಿದ್ದನ್ನೂ, ಇವರು ಬರೆದದ್ದನ್ನೂ ಅಕ್ಕಪಕ್ಕ ಇಟ್ಟು ಟೈಪ್ ಮಾಡಿ ಮಾರನೆಯ ದಿನಕ್ಕೆ ತೆಗೆದಿಟ್ಟರು. ನಿಧಾನವಾಗಿ ಅವರಿಬ್ಬರ ನಡುವೆ ಒಂದು ಮಾತಿನ ಕ್ರಮ ಹುಟ್ಟಿತು. ಗೆರೆ ಹಾಕು. ಮೇಲೆ, ಎಕ್ಸ್ ಕೂಡಿಸು ಮೂರು. ಕೆಳಗೆ, ಎರಡು. ಗೆರೆ ಮುಗೀತು. ಕಂಸ ಶುರು, ಕಂಸ ಮುಗೀತು, ಇಡೀ ಕಂಸಕ್ಕೆ ವರ್ಗ. ನಕ್ಷೆ ಬಂದರೆ, ಬಲಕ್ಕೆ ಎರಡು ಮನೆ, ಮೇಲಕ್ಕೆ ನಾಲ್ಕು ಮನೆ, ಅಲ್ಲಿ ಚುಕ್ಕೆ.

ಈ ಬರೆಯುವ ಕೆಲಸದ ನಡುವೆ ಒಂದು ಸಂಜೆ ಭವ್ಯಾ ಕೇಳಿದಳಂತೆ, “ಇಷ್ಟು ವರ್ಷ ಲೆಕ್ಕ ಟೈಪ್ ಮಾಡಿದೀರಲ್ಲ, ಒಂದಾದ್ರೂ ಬಿಡಿಸ್ಬೇಕು ಅನ್ನಿಸ್ಲಿಲ್ವಾ ಹೇಮಕ್ಕ?” ಆಮೇಲೆ ತಾನೇ ಜೆರಾಕ್ಸಿನಲ್ಲಿ ಹಾಳಾದ ಕಾಗದದ ಹಿಂಬದಿಯಲ್ಲಿ ಇವರ ಕೈಯಲ್ಲೇ ಬರೆಸುತ್ತ, ಹನ್ನೆರಡು ಯಾಕೆ ಮೂರು ನಾಲ್ಕಾಗಿ ಒಡೆಯಬೇಕು ಎಂಬುದರಿಂದ ಶುರುಮಾಡಿದಳು. ವಾರದ ನಂತರ ನನಗೆ ಫೋನ್ ಬಂತು. “ಸರ್, ನೀವು ಕಳ್ಸಿದ ಪತ್ರಿಕೇಲಿ ಆರನೇದು ನಾನೇ ಬಿಡಿಸ್ದೆ. ಉತ್ತರ ಐದು ಮತ್ತೆ ಎರಡು. ಸರಿನಾ?” ಸರಿಯಿತ್ತು. ಅವರ ದನಿ ಹದಿನಾರರ ಹುಡುಗಿಯದಾಗಿತ್ತು.

ಪರೀಕ್ಷೆಯಲ್ಲಿ ಬರೆದುಕೊಡಲು ಒಂಬತ್ತನೇ ತರಗತಿಯ ಮೇಧಾ ಒಪ್ಪಿದಳು. ಸಾಗರದ ಕಡೆಯ ಹವ್ಯಕರ ಹುಡುಗಿ, ಅಜ್ಜಿಯ ಮನೆಯಲ್ಲಿ ಇದ್ದು ಓದುತ್ತಿದ್ದಳು, ಮುತ್ತಿನಂಥ ಅಕ್ಷರ. ಮೊದಲ ದಿನ ಭವ್ಯಾಳ ವೇಗಕ್ಕೆ ಬೆಪ್ಪಾಗಿ, “ಸ್ವಲ್ಪ ನಿಧಾನ ಹೇಳಕ್ಕಾ, ನನ್ನ ಕೈ ಓಡ್ತಿಲ್ಲೆ,” ಎಂದು ಮನೆಮಾತಿನಲ್ಲೇ ಅಂದುಬಿಟ್ಟಳು. ಭವ್ಯಾ ನಕ್ಕಳು. ಕೈ ಓಡುವುದಿಲ್ಲ ಎಂದು ಬೇರೆ ಯಾರಾದರೂ ಹೇಳಿದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ.

ಗಣಿತದ ಪರೀಕ್ಷೆಯ ದಿನ ನನಗೆ ಕೇಂದ್ರದೊಳಗೆ ಹೋಗುವ ಹಾಗಿರಲಿಲ್ಲ. ಗೇಟಿನ ಹೊರಗಿನ ಹಲಸಿನ ಮರದಡಿ ದುಗ್ಗಮ್ಮ, ಹೇಮಾವತಿಯವರು, ನಾನು ಕೂತಿದ್ದೆವು. ಉಳಿದ ಮಕ್ಕಳೆಲ್ಲ ಹೊರಬಂದು ಬಸ್ಸು ಹತ್ತಿ ಹೋದರು. ನಮ್ಮವರು ಇನ್ನೂ ಒಳಗೇ. ದುಗ್ಗಮ್ಮ ನೂರು ಸಲ ಗೇಟಿನ ಕಡೆ ಹೋಗಿ ಬಂದಳು. ಹೇಮಾವತಿಯವರು ಮಾತ್ರ ಅಲುಗಾಡದೆ ಕೂತಿದ್ದರು. ತುಟಿ ಸಣ್ಣಗೆ ಆಡುತ್ತಿತ್ತು. ಪ್ರಾರ್ಥನೆ ಎಂದುಕೊಂಡೆ. ಹತ್ತಿರ ಬಾಗಿದಾಗ ಕೇಳಿಸಿತು: “ಗೆರೆ ಹಾಕು, ಮೇಲೆ… ಕೆಳಗೆ…”

ಕೊನೆಗೆ ಇಬ್ಬರು ಹುಡುಗಿಯರೂ ಬಂದರು. ಮೇಧಾ ಬೆರಳು ಮಡಚಿ ಬಿಡಿಸಿ ಮಾಡುತ್ತಿದ್ದಳು. ಹೇಳಿ ಬರೆಸಿ ಭವ್ಯಾಳ ದನಿ ಬಿದ್ದುಹೋಗಿತ್ತು. “ಒಂದ್ಕಡೆ ಕಳೆಯೋ ಚಿಹ್ನೆ ಬಿಟ್ಟೋಗಿತ್ತು,” ಎಂದಳು ಪಿಸುದನಿಯಲ್ಲಿ. “ಮೂರು ಸಾಲು ಆದ್ಮೇಲೆ ಕಂಡ್ತು. ಮೇಧಾ ಅಳೋಕೆ ಶುರು ಮಾಡಿದ್ಲು. ಪರವಾಗಿಲ್ಲ, ನಂಗೆ ದಿನಾ ಹಿಂಗೇ ಆಗ್ತದೆ ಅಂದೆ. ಹೊಡೆದಾಕಿ ಮತ್ತೆ ಹೇಳ್ದೆ. ಕೊನೇ ಎರಡು ಲೆಕ್ಕಕ್ಕೆ ಹೊತ್ತು ಸಾಲ್ಲಿಲ್ಲ.”

“ಬಿಟ್ಟಿದ್ದು ಬಿಡು,” ಎಂದರು ಹೇಮಾವತಿ. “ಇಬ್ರೂ ಮೊದ್ಲು ನೀರು ಕುಡೀರಿ.”

ಎಂಬತ್ತಕ್ಕೆ ಐವತ್ತೆಂಟು ಬಂತು. ಶಾಲೆಗೆ ಅವಳೇನೂ ಮೊದಲಿಗಳಲ್ಲ, ಹತ್ತನೆಯವಳೋ ಹನ್ನೊಂದನೆಯವಳೋ. ಫಲಿತಾಂಶ ನೋಡಿದ್ದು ಅದೇ ಅಂಗಡಿಯಲ್ಲಿ. ಕೆರಿಯಪ್ಪ ಪರದೆಯ ಮೇಲಿನ ಅಂಕಿಯನ್ನು ಬೆರಳಿನಿಂದ ಮುಟ್ಟಿ, “ಇದು ಗಣಿತದ್ದೇನಾ?” ಎಂದು ಎರಡು ಸಲ ಕೇಳಿದ. ದುಗ್ಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಮಗಳ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ನಿಂತಿದ್ದಳು. ಬಸ್ಸು ಬಂದರೂ ಬಿಡಲಿಲ್ಲ.

ಭವ್ಯಾ ಈಗ ತೀರ್ಥಹಳ್ಳಿಯಲ್ಲಿ ಪಿ.ಯು. ಓದುತ್ತಿದ್ದಾಳೆ. ಹಾಸ್ಟೆಲಿನಲ್ಲಿ ಇದ್ದಾಳೆ. ಹೇಮಾವತಿಯವರ ಹಳೆಯ ಲ್ಯಾಪ್‌ಟಾಪನ್ನು ಅವರ ಗಂಡ ದುರ್ಗೇಶ್ ತಮ್ಮ ಬಸ್ಸಿನಲ್ಲೇ ಒಯ್ದು ಕೊಟ್ಟು ಬಂದರು. ಬರವಣಿಗೆಯ ಕಷ್ಟ ಹೋಗಿಲ್ಲ, ಹೋಗುವುದೂ ಇಲ್ಲ. ಈಗಲೂ ಬ್ಯಾಂಕಿನಲ್ಲಿ ಅವಳ ಎರಡು ಸಹಿ ಒಂದೇ ಥರ ಬರುವುದಿಲ್ಲ. ಕಾಲೇಜಿನ ಗಣಿತದ ಉಪನ್ಯಾಸಕಿ ಸುಷ್ಮಾ ಎನ್ನುವವರು ಪ್ರಮಾಣಪತ್ರ ನೋಡಿ, ಕಾಲೇಜಿನ ಒಳಗಿನ ಕಿರುಪರೀಕ್ಷೆಗಳನ್ನು ಕಂಪ್ಯೂಟರಿನಲ್ಲೇ ಬರೆ ಎಂದಿದ್ದಾರೆ.

ಮೊದಲ ಕಿರುಪರೀಕ್ಷೆ ಆದ ದಿನ ನಾನು ಹೇಮಾವತಿಯವರ ಅಂಗಡಿಯಲ್ಲೇ ಇದ್ದೆ. ಫೋನ್ ಬಂತು. ಒಂದು ಕೈಯಲ್ಲಿ ಯಾರದೋ ರೇಷನ್ ಕಾರ್ಡಿನ ಅರ್ಜಿ, ಇನ್ನೊಂದರಲ್ಲಿ ಫೋನ್ ಹಿಡಿದು ಅವರು ಕೇಳುತ್ತಿದ್ದರು.

“ಎಲ್ಲ ನಾನೇ ಬರ್ದೆ ಹೇಮಕ್ಕ,” ಎಂಬ ಭವ್ಯಾಳ ದನಿ ನನಗೂ ಕೇಳಿಸಿತು. “ಯಾರಿಗೂ ಹೇಳಿ ಬರ್ಸೋದು ಇರ್ಲಿಲ್ಲ. ನಾನೇ.”

ಮಾರ್ಕ್ಸ್ ಎಷ್ಟು ಬರಬಹುದು ಎಂದು ಇವರು ಕೇಳುತ್ತಾರೆಂದುಕೊಂಡೆ.

“ಪುಟ ಹೆಂಗೆ ಕಾಣ್ತಿತ್ತು?” ಎಂದರು ಹೇಮಾವತಿ. “ಪ್ರತಿ ಸಾಲಲ್ಲೂ ಸಮ ಚಿಹ್ನೆ ಒಂದರ ಕೆಳಗೊಂದು ಬಂತಾ?”

“ಬಂತಕ್ಕಾ. ಮೇಲಿಂದ ಕೆಳಗಿನ ತನಕ.”

“ಹ್ಞೂಂ,” ಎಂದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ರೇಷನ್ ಕಾರ್ಡಿನ ಮುದುಕ ಅವರನ್ನೂ ನನ್ನನ್ನೂ ನೋಡಿ, ತನಗೇನೂ ಅವಸರವಿಲ್ಲ ಎಂದು ಕಟ್ಟೆಯ ಮೇಲೆ ಹೋಗಿ ಕೂತ.